ನಾಲ್ಕನೇ ನಂಬರಿನ ನಿಲುಗಡೆ

ಕಿಟಕಿಯ ಗಾಜಿಗೆ ಬಡಿದುಕೊಳ್ಳುತ್ತಿರುವ ನೊಣದ ಸದ್ದೋ, ನಾಲ್ಕನೇ ನಂಬರಿನದೋ, ಒಂದು ಗಳಿಗೆ ಗೊತ್ತಾಗಲಿಲ್ಲ, ನೊಣವೇ, ನಾಲ್ಕನೇ ನಂಬರಿನದು ಇಷ್ಟು ಒರಟಲ್ಲ, ಅದರದು ಕೆಲಸ ಮಾಡುತ್ತಾ ಬಾಯಿ ಮುಚ್ಚಿಕೊಂಡು ಗುನುಗುವವರ ದನಿ, ಹನ್ನೊಂದು ವರ್ಷದಿಂದ ಈ ಕೋಣೆಗೆ ಬಂದ ಕೂಡಲೇ ಅವಳ ಕಿವಿ ಮೊದಲು ಹುಡುಕುವುದು ಅದನ್ನೇ, ದೀಪ ಹಾಕುವುದಕ್ಕೂ ಮುಂಚೆ, ಚೀಲ ಇಳಿಸುವುದಕ್ಕೂ ಮುಂಚೆ — ಇದೆ, ತಿರುಗುತ್ತಿದೆ, ಗಾಜಿನ ತೊಟ್ಟಿಯೊಳಗೆ, ರಕ್ತದ ಬದಲಿಗೆ ತುಂಬಿದ, ಮೈ ಬಿಸಿಯಷ್ಟೇ ಬೆಚ್ಚಗಿನ ಗ್ಲಿಸರಿನ್ ನೀರಿನಲ್ಲಿ, ನಿಂಬೆಹಣ್ಣಿನ ಗಾತ್ರದ ಲೋಹದ ಗುಂಡು, ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು, ಸೋತ ಹೃದಯದ ಪಕ್ಕದಲ್ಲಿ ಕೂತು ಅದರ ಪಾಲಿನ ರಕ್ತವನ್ನು ತಾನು ತಳ್ಳಬೇಕಾದ ಪಂಪು, ಆದರೆ ಇದೊಂದು ಮಾತ್ರ ಯಾರ ಎದೆಗೂ ಹೋಗಲಿಲ್ಲ, ಇದರ ಓರಗೆಯ ತೊಂಬತ್ತೆರಡು ತೊಂಬತ್ತೆರಡು ಜನರೊಳಗೆ ಹೋದವು, ಇದು ಎಷ್ಟು ವರ್ಷ ತಡೆಯುತ್ತದೋ ನೋಡೋಣ ಅಂತ ಇಲ್ಲೇ ಉಳಿಯಿತು, ಸಾಲಾಗಿ ಆರು ತೊಟ್ಟಿಗಳಿದ್ದವು, ಉಳಿದ ಐದನ್ನು ವರ್ಷಕ್ಕೊಂದರ ಹಾಗೆ ನಿಲ್ಲಿಸಿ, ಮತ್ತೆ ಹಾಕದೆ, ಕೊಯ್ದು ನೋಡಿದ್ದಾಯಿತು, ನಾಲ್ಕನೆಯದಕ್ಕೆ ಕೈ ಹಚ್ಚುವ ಮನಸ್ಸು ಯಾರಿಗೂ ಬರಲಿಲ್ಲ, ಇವತ್ತು ಹನ್ನೊಂದು ಗಂಟೆಗೆ ನಿಲ್ಲಿಸುತ್ತಾರೆ. ಕೋಣೆ ಬೇರೆ ವಿಭಾಗಕ್ಕೆ ಬೇಕಂತೆ, ಅವಳ ಕೆಲಸವೂ ಇವತ್ತಿಗೆ ಮುಗಿಯಿತು, ಎರಡನ್ನೂ ಒಂದೇ ದಿನ ಇಟ್ಟುಕೊಂಡರೆ ಒಂದೇ ಕೇಕಿನಲ್ಲಿ ಮುಗಿಯುತ್ತೆ ಅಂದವನು ನಟ್ಟಣ್ಣ, ಮೂವತ್ತು ವರ್ಷದಿಂದ ಅವಳ ಜೊತೆಗಿರುವ ಮೆಕ್ಯಾನಿಕ್, ಜೇಬಿನಲ್ಲಿ ನಾಲ್ಕು ನಟ್ಟು ಇಟ್ಟುಕೊಂಡು ಕಲಕಲ ಅನ್ನಿಸುತ್ತಾ ಓಡಾಡುತ್ತಾನೆಂದು ವಿದ್ಯಾರ್ಥಿಗಳು ಇಟ್ಟ ಹೆಸರು, ಅಸಲಿ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು — ಮೇಡಂ, ನಿಮಗೇನೋ ಪೆನ್ಷನ್ ಬರುತ್ತೆ, ಇದಕ್ಕೇನು ಬರುತ್ತೆ ಅಂತ ಬೆಳಿಗ್ಗೆ ತೊಟ್ಟಿಯ ಗಾಜು ಒರೆಸುತ್ತಾ ಕೇಳಿದ, ಅವಳು ನಗಬೇಕಿತ್ತು, ನಕ್ಕಳು ಕೂಡ, ಆದರೆ ಕಣ್ಣು ಮೇಜಿನ ಮೇಲಿದ್ದ ರಿಜಿಸ್ಟರಿನ ಮೇಲಿತ್ತು, ಕೊನೆಯ ಪುಟ, ಕೊನೆಯ ಸಾಲು, ಇನ್ನೂ ಖಾಲಿ.

ನೊಣ ಕಿಟಕಿಯ ಮೇಲ್ಭಾಗ ತೆರೆದಿರುವುದನ್ನು ನೋಡುತ್ತಿಲ್ಲ, ಕೆಳಗೇ ಬಡಿದುಕೊಳ್ಳುತ್ತಿದೆ, ಸ್ವಲ್ಪ ಮೇಲೆ ಹೋಗೋ ಪೆದ್ದಾ, ಅಪ್ಪ ಹೀಗೇ ನೊಣದ ಜೊತೆ, ಸ್ಪ್ಯಾನರಿನ ಜೊತೆ, ತುಕ್ಕು ಹಿಡಿದ ಬೋಲ್ಟಿನ ಜೊತೆ ಮಾತಾಡುತ್ತಿದ್ದ, ಬಾರಪ್ಪ, ಬಾ, ನಿನ್ನನ್ನೇನು ಕೊಲ್ಲಲ್ಲ ಅಂತ ಬೋಲ್ಟನ್ನು ಒಲಿಸಿಕೊಳ್ಳುತ್ತಿದ್ದ, ನೀರಿನ ಪಂಪು ರಿಪೇರಿ ಅಪ್ಪನ ಕೆಲಸ, ದೊಡ್ಡ ಕಟ್ಟಡಗಳ ನೆಲಮಾಳಿಗೆಗಳಲ್ಲಿ, ತಣ್ಣನೆಯ ಸಿಮೆಂಟಿನ ವಾಸನೆ, ಗ್ರೀಸಿನ ವಾಸನೆ, ಅವಳಿಗೆ ಎಂಟು ವರ್ಷವೋ ಒಂಬತ್ತೋ, ರಜೆಯ ದಿನ ಮನೆಯಲ್ಲಿ ಗಲಾಟೆ ಮಾಡುತ್ತಾಳೆಂದು ಅಮ್ಮ ಅಪ್ಪನ ಸೈಕಲ್ಲಿಗೆ ಅವಳನ್ನೂ ಹತ್ತಿಸಿ ಕಳಿಸುತ್ತಿದ್ದಳು, ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿನ ಮೈಗೆ ತಾಗಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ, ಆಮೇಲೆ ಅವಳ ಕಿವಿಗೆ, ಕೇಳು ಪುಟ್ಟಿ, ಏನು ಹೇಳ್ತಾ ಇದೆ, ಅಳ್ತಾ ಇದೆ ಅಪ್ಪ, ಅಳೋದಲ್ಲ ಅದು, ಗೊಣಗೋದು, ಅಳೋ ಬೇರಿಂಗ್ ವಾರದಲ್ಲಿ ಹೋಗುತ್ತೆ, ಗೊಣಗೋದು ಇನ್ನೂ ಹತ್ತು ವರ್ಷ ಓಡುತ್ತೆ, ನಿಮ್ಮಮ್ಮನ ಹಾಗೆ, ಮನೆಗೆ ಹೋಗಿ ಹೇಳಬೇಡ ಮತ್ತೆ, ಅವಳು ಮನೆಗೆ ಹೋಗಿ ಮೊದಲು ಹೇಳಿದ್ದೇ ಅದನ್ನು, ಅಮ್ಮ ಲೋಟ ಕುಕ್ಕಿದ ರಭಸಕ್ಕೆ ಅಪ್ಪ ಎರಡು ದಿನ ಗೊಣಗದೆ ಓಡಿದ. ಆ ಮರದ ಹಿಡಿಯ ಒಳಗಿಂದ ಬರುತ್ತಿದ್ದ ಸದ್ದು, ಕಿವಿಗಿಂತ ದವಡೆಗೆ ಹೆಚ್ಚು ಕೇಳುತ್ತಿದ್ದ ಸದ್ದು, ಕತ್ತಲೆಯ ಕಬ್ಬಿಣದೊಳಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು, ಇಂಜಿನಿಯರಿಂಗ್ ಓದಿದ್ದು, ದೊಡ್ಡ ಕಂಪನಿಯ ಕೆಲಸ ಬಿಟ್ಟು ಈ ಕೋಣೆಗೆ ಬಂದು ಕೂತದ್ದು, ಮದುವೆ ಮಾತನ್ನು ಮುಂದೂಡಿ ಮುಂದೂಡಿ ಮನೆಯವರು ಸುಸ್ತಾಗಿ ಸುಮ್ಮನಾದದ್ದು, ಎಲ್ಲಾ ಆ ಯಾರೋ ಒಬ್ಬರ ಮಾತು ಕೇಳುವುದಕ್ಕೇ ಇರಬೇಕು.

ಕುರ್ಚಿ ಎಳೆಯುವ ಸದ್ದು, ಹುಡುಗಿಯರು ಕೇಕಿನ ಡಬ್ಬಿಯ ದಾರ ಬಿಚ್ಚುತ್ತಿದ್ದಾರೆ, ಇದೇ ಮೂಲೆಯಲ್ಲಿ ಮೊದಲನೆಯ ಯಂತ್ರ ಇತ್ತು, ಕಪಾಟಿನಷ್ಟು ಎತ್ತರ, ಗಾಳಿಯ ಕೊಳವೆ, ರಬ್ಬರಿನ ಚೀಲ, ಧಡಕ್ ಧಡಕ್ ಅಂತ ಬಡಿದರೆ ಕೆಳಗಿನ ಮಹಡಿಯ ಗ್ರಂಥಪಾಲಕ ಮೇಲೆ ಬಂದು ಯಾರನ್ನು ಹೊಡೀತಾ ಇದ್ದೀರಿ ಅಂತ ಕೇಳುತ್ತಿದ್ದ, ರಬ್ಬರು ಮೂರನೇ ದಿನಕ್ಕೆ ಹರಿಯಿತು, ಹೊಸದು ಒಂಬತ್ತನೇ ದಿನಕ್ಕೆ, ಅದರ ಮುಂದಿನದು ನಲವತ್ತು ದಿನ ತಡೆದಾಗ ನಟ್ಟಣ್ಣ ಎಲ್ಲರಿಗೂ ಚಹಾ ತರಿಸಿದ, ಚಹಾ ಬರುವಷ್ಟರಲ್ಲಿ ಅದೂ ಹರಿಯಿತು, ತಣ್ಣಗಾಗುವ ಮುಂಚೆ ಕುಡೀರಿ, ದುಃಖಕ್ಕೂ ಚಹಾ ಆಗುತ್ತೆ ಅಂದ. ಬಡಿಯುವುದನ್ನೇ ಬಿಟ್ಟುಬಿಡೋಣ, ತಿರುಗಿಸೋಣ ಅಂತ ಅವಳು ಅಂದ ದಿನ ಸರ್ಜನ್ ಮೇಜು ಬಡಿದು ನಕ್ಕಿದ್ದರು, ಏನ್ರೀ, ಮನುಷ್ಯರ ಎದೆಗೆ ಫ್ಯಾನ್ ಹಾಕ್ತೀರಾ, ನಾಡಿ ಎಲ್ಲಿಂದ ಬರುತ್ತೆ, ಬರಲ್ಲ ಸಾರ್, ನಾಡಿ ಇಲ್ಲದ ಮನುಷ್ಯನನ್ನು ನಾನು ಬದುಕಿದ್ದಾನೆ ಅಂತ ಹೇಗ್ರೀ ಬರೆದುಕೊಡಲಿ, ಅವನನ್ನೇ ಕೇಳಿ ಸಾರ್, ಹೇಳ್ತಾನೆ. ನೀರಿನ ತೆಳು ಪದರದ ಮೇಲೆ ತೇಲಿಕೊಂಡು ತಿರುಗುವ ಚಕ್ರ, ಎಲ್ಲಿಯೂ ಏನನ್ನೂ ಮುಟ್ಟದೆ, ಮುಟ್ಟದ್ದು ಸವೆಯುವುದಿಲ್ಲ, ಅಷ್ಟೇ ಅವಳ ಜೀವಮಾನದ ಬುದ್ಧಿವಂತಿಕೆ, ಒಂದು ಸಾಲಿನದು, ಆ ಒಂದು ಸಾಲಿಗೆ ಹದಿನಾಲ್ಕು ವರ್ಷ, ಕೂದಲು ಬೆಳ್ಳಗಾಗಿದ್ದು ಯಾವ ವರ್ಷ ಅಂತಲೂ ನೆನಪಿಲ್ಲ, ಅಪ್ಪ ಕೊನೆಯ ಸಲ ಈ ಕೋಣೆಗೆ ಬಂದಿದ್ದಾಗ ತೊಟ್ಟಿಗೆ ಸ್ಕ್ರೂಡ್ರೈವರ್ ಹಚ್ಚಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, ಏನೂ ಹೇಳ್ತಾ ಇಲ್ವಲ್ಲೇ ಪುಟ್ಟಿ, ಅಂದಿದ್ದ, ಆಮೇಲೆ ಸ್ಕ್ರೂಡ್ರೈವರನ್ನು ಅವಳ ಮೇಜಿನ ಮೇಲೆ ಬಿಟ್ಟು ಹೋದ, ಇಟ್ಟುಕೋ ಅಂತ ಕೂಡ ಹೇಳಲಿಲ್ಲ.

ಟೈಲರ್ ಬರುವುದಿಲ್ಲ ಅಂತ ನಿನ್ನೆಯೇ ಫೋನು ಮಾಡಿದ್ದ. ಇದರ ಪಕ್ಕದ ಪೆಟ್ಟಿಗೆಯಿಂದ ತೆಗೆದ ಪಂಪು ಹಾಕಿಸಿಕೊಂಡ ಮೊದಲ ಮನುಷ್ಯ, ಹಾಗಾಗಿ ನಾಲ್ಕನೇ ನಂಬರು ಅವನಿಗೆ ಅಕ್ಕ, ವರ್ಷಕ್ಕೊಂದು ಸಲ ಬಂದು ಗಾಜಿನ ಮುಂದೆ ನಿಂತು ಏನಕ್ಕಾ ಆರಾಮಾ ಅಂತ ವಿಚಾರಿಸಿ ಹೋಗುತ್ತಿದ್ದ, ನಾನು ಬರಲ್ಲಮ್ಮ, ಅವಳನ್ನು ಆಫ್ ಮಾಡೋದನ್ನ ನೋಡಿಕೊಂಡು ನನ್ನೊಳಗಿನದು ಏನಂದುಕೊಳ್ಳಬೇಕು, ಅಂದ, ನಗುತ್ತಲೇ ಅಂದ, ಅವನು ಎಲ್ಲವನ್ನೂ ನಗುತ್ತಲೇ ಅನ್ನುವವನು, ಆಪರೇಷನ್ ಆಗಿ ಎದ್ದು ಕೂತ ದಿನ ಬ್ಯಾಟರಿ ಇಡುವ ಚೀಲವನ್ನು ಭುಜಕ್ಕೆ ಹಾಕಿದಾಗ ಎರಡು ಬೆರಳಿನಲ್ಲಿ ಅದರ ಹೊಲಿಗೆ ಎತ್ತಿ ನೋಡಿ, ಇದನ್ನು ಹೊಲಿದೋನು ಯಾರಮ್ಮ, ಅವನಿಗೆ ಭುಜ ಇದೆಯಾ ಅಂದಿದ್ದ, ನಟ್ಟಣ್ಣ ಹೊಲಿದಿದ್ದ, ಪಕ್ಕದಲ್ಲೇ ನಿಂತಿದ್ದ, ಭುಜ ಇದೆ ಸ್ವಾಮಿ, ಕತ್ತರಿ ಇರಲಿಲ್ಲ ಅಂದ. ಟೈಲರ್ ಆಸ್ಪತ್ರೆಯ ಮಂಚದ ಮೇಲೇ ಹಳೇ ಪತ್ರಿಕೆಯಲ್ಲಿ ಕತ್ತರಿಸಿ ಕೊಟ್ಟ ನಮೂನೆಯಲ್ಲಿ ಈಗಲೂ ಎಲ್ಲ ಚೀಲ ಹೊಲಿಯುವುದು, ಭಾರ ಭುಜಕ್ಕಲ್ಲ, ಸೊಂಟಕ್ಕೆ, ಹೊಟ್ಟೆಯಿಂದ ಹೊರಬಂದು ಬ್ಯಾಟರಿಗೆ ಸೇರುವ ಕೇಬಲ್ಲಿಗೆ ಒಂದು ಒಳಜೇಬು, ಎಲ್ಲೂ ಸಿಕ್ಕಿಕೊಳ್ಳಬಾರದು ಅಂತ — ಸಿಕ್ಕಿಕೊಳ್ಳಬಾರದು, ಆದರೂ ಒಬ್ಬಳದು ಸಿಕ್ಕಿಕೊಂಡಿತು, ಬೇಡ, ಅದು ಬೇಡ ಈಗ, ಟೈಲರ್‌ನ ನಾಡಿ ಹಿಡಿದು ನೋಡಿದ ಹೊಸ ಕಾಂಪೌಂಡರ್ ಬಿಳಿಚಿಕೊಂಡು ಓಡಿಹೋದದ್ದನ್ನು ನೆನೆಸಿಕೊ, ಅದನ್ನು ಅವನು ನೂರು ಸಲ ಹೇಳಿದ್ದಾನೆ, ನೂರನೇ ಸಲವೂ ಅವಳಿಗೆ ನಗು ಬಂದಿದೆ, ನಮ್ಮಕ್ಕ ಇಷ್ಟು ವರ್ಷ ಒಂದು ಕ್ಷಣ ನಿಂತಿಲ್ಲ, ನಾನ್ಯಾಕೆ ನಿಲ್ಲಲಿ ಅಂತ ಕಾಂಪೌಂಡರಿಗೆ ಹೇಳಿ ಕಳಿಸಿದೆ ನೋಡಿ ಅಮ್ಮ.

ಒಂದು ಕ್ಷಣ ನಿಂತಿಲ್ಲ. ನಲವತ್ತು ಸೆಕೆಂಡು ನಿಂತಿತ್ತು. ಆರನೇ ವರ್ಷ, ಹೀಗೇ ಒಂದು ಬೆಳಿಗ್ಗೆ, ಬಿಸಿಲು ಇದೇ ಕೋನದಲ್ಲಿ ತೊಟ್ಟಿಗೆ ಬಿದ್ದಿತ್ತು, ಅಪ್ಪ ತೀರಿಹೋಗಿ ಒಂದು ತಿಂಗಳೂ ಆಗಿರಲಿಲ್ಲ, ಸ್ಕ್ರೂಡ್ರೈವರ್ ಕೈಗೆ ಸಿಕ್ಕಿತು, ಹಚ್ಚಿದಳು, ನೀರು ಬಿಸಿ ಮಾಡುವ ಹೀಟರಿನ ಸದ್ದು ಅಡ್ಡ ಬರುತ್ತಿತ್ತು, ಒಂದು ನಿಮಿಷ ಹೀಟರ್ ಆರಿಸಿದರೆ ನೀರೇನು ತಣ್ಣಗಾಗುವುದಿಲ್ಲ, ಅಕ್ಕಪಕ್ಕದಲ್ಲಿ ಎರಡು ಸ್ವಿಚ್ಚು, ಎರಡೂ ಕಪ್ಪು, ಬಲಗಡೆಯದು ಹೀಟರಿನದು, ಎಡಗಡೆಯದು ಪಂಪಿನದು, ಆರು ವರ್ಷ ನೋಡಿದ ಸ್ವಿಚ್ಚುಗಳು, ಕಿವಿ ಹಿಡಿಯ ಮೇಲೆ, ಕಣ್ಣು ಮುಚ್ಚಿದೆ, ಕೈ ತಾನಾಗಿ ಹೋಗಿ ಎಡಗಡೆಯದನ್ನು ಒತ್ತಿತು, ದವಡೆಯೊಳಗಿನ ಸದ್ದು ಕೆಳಗೆ, ಕೆಳಗೆ, ಇನ್ನೂ ಕೆಳಗೆ ಇಳಿದು, ಒಂದು ಸಣ್ಣ ಟಿಕ್, ಚಕ್ರ ಗೋಡೆಗೆ ಕೂತ ಸದ್ದು, ತಿರುಗುವಷ್ಟು ಹೊತ್ತು ಏನನ್ನೂ ಮುಟ್ಟದ ಚಕ್ರ ನಿಲ್ಲುವಾಗ ಮಾತ್ರ ಗೋಡೆಗೆ ಆನಿಕೊಳ್ಳುತ್ತದೆ, ಕೂತದ್ದು ಮತ್ತೆ ಏಳುತ್ತದೋ ಇಲ್ಲವೋ, ವರ್ಷಗಟ್ಟಲೆ ಓಡಿದ್ದು ನಿಂತು ಮತ್ತೆ ಎದ್ದದ್ದನ್ನು ಯಾರೂ ಕಂಡಿರಲಿಲ್ಲ, ಅವಳು ಸ್ಕ್ರೂಡ್ರೈವರ್ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದಳು, ನಟ್ಟಣ್ಣ ಎರಡು ಕಪ್ ಚಹಾ ಹಿಡಿದು ಒಳಗೆ ಬಂದ, ಜೇಬಿನ ನಟ್ಟುಗಳ ಸದ್ದು ನಿಂತಿತು, ತೊಟ್ಟಿ ನೋಡಿದ, ಅವಳನ್ನು ನೋಡಿದ, ಕಪ್ ಕೆಳಗಿಟ್ಟ, ಒತ್ತಿ ಮೇಡಂ ಅಂದ. ಒತ್ತಿದಳು. ಎದ್ದಿತು, ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ಗುನುಗಿತು, ನಿದ್ದೆಯಿಂದ ಎಬ್ಬಿಸಿದವರನ್ನು ಬೈಯದ ಮಗುವಿನ ಹಾಗೆ, ಅವಳು ಅತ್ತಳಾ, ಇಲ್ಲ, ಚಹಾ ಕುಡಿದಳು, ಸಂಜೆ ರಿಜಿಸ್ಟರಿನಲ್ಲಿ ನಿಲುಗಡೆ ಅಂತ ಇರುವ ಅಂಕಣದಲ್ಲಿ ದಿನಾ ಬರೆಯುವ ಹಾಗೆ ಇಲ್ಲ ಅಂತ ಬರೆದಳು, ಆರು ವರ್ಷ ಒಂದು ಕ್ಷಣವೂ ನಿಲ್ಲದೆ ಅನ್ನುವ ಲೇಖನ ಆಗಷ್ಟೇ ಅಚ್ಚಿಗೆ ಹೋಗಿತ್ತು, ಅದಕ್ಕೇ ಬರೆದದ್ದು ಅಂದುಕೊಳ್ಳಬಹುದು, ಆದರೆ ನಿಜವಾಗಿ, ಕಾರಣ ಅಂತ ಅಲ್ಲಿ ಇನ್ನೊಂದು ಅಂಕಣ ಇತ್ತು, ಏನಂತ ತುಂಬುವುದು, ಅಪ್ಪನ ಸ್ಕ್ರೂಡ್ರೈವರ್ ಅಂತಲಾ, ಕಣ್ಣು ಮುಚ್ಚಿಕೊಂಡಿದ್ದೆ ಅಂತಲಾ. ನಟ್ಟಣ್ಣ ಪಕ್ಕದಲ್ಲಿ ನಿಂತು ನೀರಿನ ಬಿಸಿ ಎಷ್ಟು ಅಂತ ಓದಿ ಹೇಳಿದ, ಅಷ್ಟೇ, ಬೇರೇನೂ ಹೇಳಲಿಲ್ಲ, ಆ ದಿನವೂ, ಮಾರನೇ ದಿನವೂ.

ಮೇಡಂ, ಐದು ನಿಮಿಷ ಇದೆ, ಅಂದವಳು ಹೊಸ ಮುಖ್ಯಸ್ಥೆ, ಒಂದು ಕಾಲಕ್ಕೆ ಇದೇ ಕೋಣೆಯಲ್ಲಿ ಅವಳ ವಿದ್ಯಾರ್ಥಿನಿ, ಗ್ಲಿಸರಿನ್ ಚೆಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡವಳು, ಈಗ ಕೈಗಡಿಯಾರ ನೋಡುತ್ತಾ ನಿಂತಿದ್ದಾಳೆ, ಇವಳೂ ಇದ್ದಳು ಆ ಸಭೆಯಲ್ಲಿ, ಏಳನೇ ವರ್ಷ, ರೋಗಿಗಳ ಮನೆಯವರಿಗೆ ಕೊಡುವ ಕೈಪಿಡಿ ತಿದ್ದುವ ಸಭೆ, ಕೇಬಲ್ ಅಕಸ್ಮಾತ್ ಕಿತ್ತು ಬಂದು ಪಂಪು ನಿಂತರೆ ಮನೆಯವರು ಏನು ಮಾಡಬೇಕು, ಅದೊಂದು ಸಾಲಿಗೆ ಅರ್ಧ ದಿನ, ಸರ್ಜನ್ ಬಿಸ್ಕತ್ತು ಮುರಿಯುತ್ತಾ, ವರ್ಷಗಟ್ಟಲೆ ಓಡಿದ್ದು ಒಂದು ಸಲ ನಿಂತರೆ ಮತ್ತೆ ಏಳುತ್ತೇನ್ರೀ, ಚಕ್ರ ಕಚ್ಚಿಕೊಂಡಿದ್ದು ಮೋಟಾರು ಎಳೆದರೆ ಚೂರೆದ್ದು ರಕ್ತದಲ್ಲಿ ಮಿದುಳಿಗೆ ಹೋಗುತ್ತೆ, ಎದ್ದದ್ದನ್ನು ನೀವು ಎಲ್ಲಾದ್ರೂ ನೋಡಿದ್ದೀರಾ — ಎಲ್ಲರೂ ಅವಳ ಕಡೆ ತಿರುಗಿದರು, ಬಿಸ್ಕತ್ತಿನ ಪುಡಿ ಸರ್ಜನ್‌ರ ಟೈ ಮೇಲೆ ಬಿತ್ತು, ಅವಳು ಆ ಪುಡಿಯನ್ನೇ ನೋಡುತ್ತಾ, ಇಲ್ಲ ಸಾರ್, ಅಂದಳು. ಹಾಗಾದ್ರೆ ನಾಲ್ಕನೇ ನಂಬರನ್ನು ಒಂದು ಸಲ ನಿಲ್ಲಿಸಿ ನೋಡಿಬಿಡಿ ಅಂದರು ಅವರು, ಅಯ್ಯೋ ನಿಲ್ಲಿಸೋದಾ, ದಾಖಲೆ ಹಾಳಾಗುತ್ತೆ ಸಾರ್ ಅಂತ ಇಡೀ ಮೇಜು ಒಟ್ಟಿಗೆ ಕೂಗಿತು, ಅವಳೂ ಕೂಗಿದಳು, ತನ್ನ ದನಿ ಎಲ್ಲರಿಗಿಂತ ಜೋರಾಗಿತ್ತು ಅಂತ ಈಗ ಅನ್ನಿಸುತ್ತದೆ. ನಿಂತ ಪಂಪಿಗೆ ಕೇಬಲನ್ನು ತಾವಾಗಿ ಮರಳಿ ಜೋಡಿಸಬಾರದು, ವೈದ್ಯರಿಗಾಗಿ ಕಾಯಬೇಕು, ದಪ್ಪ ಅಕ್ಷರದಲ್ಲಿ, ಹನ್ನೆರಡನೇ ಪುಟ, ವಾಕ್ಯ ಅವಳದೇ, ಅಲ್ಪವಿರಾಮ ಅವಳದೇ. ಒಂಬತ್ತನೇ ವರ್ಷ ಬಸ್ ಡ್ರೈವರ್ ಬಂದ, ಹೆಂಡತಿ ಹೋಗಿ ಹದಿನೈದು ದಿನಕ್ಕೆ, ಬ್ಯಾಟರಿ, ಚಾರ್ಜರ್, ಚೀಲ ಎಲ್ಲವನ್ನೂ ಒರೆಸಿ ಮಡಿಸಿ ವಾಪಸ್ಸು ಕೊಡುವುದಕ್ಕೆ, ಆಸ್ಪತ್ರೆಗೆ ಕೊಟ್ಟರೆ ಸಾಕಿತ್ತು, ಇಲ್ಲ ಮಾಡಿದವರಿಗೇ ಕೊಡಬೇಕು ಅಂತ ಹುಡುಕಿಕೊಂಡು ಬಂದಿದ್ದ, ಇದೇ ಕುರ್ಚಿ, ಅಂಚಿನಲ್ಲಿ ಕೂತಿದ್ದ, ಒಳಜೇಬಿಂದ ಕೇಬಲ್ ಈಚೆ ಬಂದಿತ್ತು ಮೇಡಂ, ಬಾಗಿಲ ಚಿಲಕಕ್ಕೆ ಸಿಕ್ಕಿತು, ಅವಳು ಅಡಿಗೆಮನೆಗೆ ಅಂತ ತಿರುಗಿದಳು, ಕಿತ್ತು ಬಂತು, ನೆಲದ ಮೇಲೆ ಕೂತಳು, ಹಾಕ್ರೀ ಅಂದಳು, ನಾನು ಕೇಬಲ್ ಎತ್ತಿಕೊಂಡೆ, ಕೈಪಿಡಿ ನೆನಪಾಯ್ತು, ಹನ್ನೆರಡನೇ ಪುಟ, ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ್ದೀನಿ ಮೇಡಂ, ಒಂದು ಸಲ ಕೆಂಪು ದೀಪ ದಾಟಿದೋನಲ್ಲ, ಹಾಕ್ರೀ ಅಂತಾಳೆ, ಹಾಕಬಾರದು ಕಣೇ, ಬರೆದಿದ್ದಾರೆ, ಡಾಕ್ಟರು ಹೊರಟಿದ್ದಾರೆ ಅಂತ ನಾನು, ಹೀಗೆ ಹಿಡಿದುಕೊಂಡು ಕೂತಿದ್ದೆ, ಹೀಗೆ, ಹನ್ನೊಂದು ನಿಮಿಷ — ಅಂತ ಮೂರು ಬೆರಳಲ್ಲಿ ಇಲ್ಲದ ಕೇಬಲ್ಲಿನ ತುದಿ ಹಿಡಿದು ತೋರಿಸಿದ, ಎಡಗೈ ಅಂಗೈ ಕೆಳಗೆ, ಅದು ಹೆಂಡತಿಯ ಸೊಂಟದ ಬಳಿಯ ಬ್ಯಾಟರಿ ಪೆಟ್ಟಿಗೆ, ನಡುವೆ ನಾಲ್ಕು ಬೆರಳಷ್ಟು ಜಾಗ. ಎಂಟನೇ ನಿಮಿಷದ ತನಕ ಮಾತಾಡಿದಳು ಮೇಡಂ, ಆಮೇಲೆ ಇಲ್ಲ. ನಾನು ಮಾಡಿದ್ದು ಸರಿ ತಾನೆ. ಸರಿಯಾಗೇ ಮಾಡಿದಿರಿ, ಅಂದಳು ಅವಳು, ನೀರು ಬೇಕಾ ಅಂದಳು, ಅವನು ಬೇಡ ಅಂದ, ಇನ್ನೂ ಕೈ ಇಳಿಸಿರಲಿಲ್ಲ.

ಹನ್ನೊಂದು ಗಂಟೆ. ಮೇಡಂ ನೀವೇ ಒತ್ತಬೇಕು, ಫೋಟೋ ಹಿಡಿಯುವವನು ಸ್ಟೂಲು ಹತ್ತಿದ್ದಾನೆ, ಅವಳು ಎದ್ದು ತೊಟ್ಟಿಯ ಬಳಿ ಹೋಗುವಾಗ ಬಾಯಿಂದ ಬಂದದ್ದು ಬೆಳಿಗ್ಗೆ ಯೋಚಿಸಿಟ್ಟ ಮಾತಲ್ಲ, ನಿಲ್ಲಿಸೋಣ, ಹನ್ನೊಂದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡೋಣ, ಏಳುತ್ತಾ ಅಂತ, ಮುಖ್ಯಸ್ಥೆ ಹುಬ್ಬೇರಿಸಿದಳು, ಹನ್ನೊಂದು ವರ್ಷಕ್ಕೆ ಹನ್ನೊಂದು ನಿಮಿಷವಾ ಮೇಡಂ, ಚೆನ್ನಾಗಿದೆ, ನಾವು ಯಾರೂ ಮಾಡಿಲ್ಲ ಅಲ್ವಾ ಇದನ್ನ, ಎದ್ದರೆ ಕೈಪಿಡಿಯ ಆ ಸಾಲು ತಿದ್ದಬಹುದು, ನಟ್ಟಣ್ಣ ಜೇಬಿನಿಂದ ಕೈ ಹೊರಗೆ ತೆಗೆದ. ಎಡಗಡೆಯ ಸ್ವಿಚ್ಚು, ಈ ಸಲ ಕಣ್ಣು ತೆರೆದುಕೊಂಡು. ಗುನುಗು ಇಳಿಯಿತು, ಇಳಿಯಿತು, ಟಿಕ್. ಕೋಣೆ ಇಷ್ಟು ದೊಡ್ಡದಿತ್ತಾ, ನೊಣವೂ ಹೋಗಿದೆ, ಯಾರೋ ಕೆಮ್ಮಿದರು, ಎರಡು ನಿಮಿಷ, ಹುಡುಗಿಯರು ಪಿಸುಗುಡುತ್ತಿದ್ದಾರೆ, ಮೂರು, ಮೂರನೇ ನಿಮಿಷಕ್ಕೆ ಡ್ರೈವರಿನ ಹೆಂಡತಿ ಇನ್ನೂ ಹಾಕ್ರೀ ಹಾಕ್ರೀ ಅನ್ನುತ್ತಿದ್ದಿರಬೇಕು, ನಾಲ್ಕು, ಕೇಕಿನ ಮೇಲಿನ ಕೆನೆ ಬಿಸಿಲಿಗೆ ಜಾರುತ್ತಿದೆ, ಐದು, ಹನ್ನೊಂದು ನಿಮಿಷ ಅಂದರೆ ಇಷ್ಟು ಉದ್ದವಾ, ಅಂಕಿಯಲ್ಲಿ 11 ಅಂತ ಬರೆದರೆ ಎರಡು ಗೆರೆ, ಆರು, ಏಳು, ಎಂಟು, ಇಲ್ಲಿಗೆ ಮಾತು ನಿಂತದ್ದು — ಏಳಬೇಡ. ಯಾರು ಅಂದದ್ದು ಅದನ್ನ, ಅವಳೇ, ಅವಳೊಳಗೆ, ಸ್ಪಷ್ಟವಾಗಿ, ಏಳಬೇಡ ಕಣೇ, ಅಲ್ಲೇ ಕಚ್ಚಿಕೊಂಡಿರು, ನೀನು ಏಳದಿದ್ದರೆ ಹನ್ನೆರಡನೇ ಪುಟ ಸರಿ, ನಾನು ಬರೆದದ್ದು ಸರಿ, ಅವನು ಮಾಡಿದ್ದು ಸರಿ, ನಲವತ್ತು ಸೆಕೆಂಡಿನದು ಏನೋ ಅದೃಷ್ಟ, ಮೂವತ್ತನಾಲ್ಕು ವರ್ಷ ಓಡು ಓಡು ಅಂತ ಬೇಡಿಕೊಂಡ ಬಾಯಲ್ಲಿ ಇವತ್ತು ಏಳಬೇಡ, ಎದೆಯಲ್ಲಿ ಇದನ್ನೇ ಇಟ್ಟುಕೊಂಡು ತೊಂಬತ್ತು ಚಿಲ್ಲರೆ ಮನೆಗಳಲ್ಲಿ ಜನ ಈಗ ಬಟ್ಟೆ ಒಣಹಾಕುತ್ತಿದ್ದಾರೆ, ಟೈಲರ್ ಗುಂಡಿ ಹೊಲಿಯುತ್ತಿದ್ದಾನೆ, ಅವರ ಮನೆಯ ಬಾಗಿಲುಗಳಿಗೆಲ್ಲಾ ಚಿಲಕ ಇದೆ, ಅವರೆಲ್ಲರ ಎದುರು ಅವಳು ಏಳಬೇಡ ಅನ್ನುತ್ತಿದ್ದಾಳೆ, ಗ್ಲಿಸರಿನ್ ರಕ್ತ ಅಲ್ಲ, ತೊಟ್ಟಿ ಮೈ ಅಲ್ಲ ಅಂತ ಆಮೇಲೆ ಬೇಕಾದರೆ ನೆಪ ಹೇಳಿಕೊಳ್ಳಬಹುದು, ಹತ್ತು, ಅವನು ಕೇಬಲ್ ಬಿಟ್ಟಿರಲಿಲ್ಲ, ಹತ್ತನೇ ನಿಮಿಷಕ್ಕೂ ಹಾಗೇ ಹಿಡಿದುಕೊಂಡಿದ್ದ, ಮೂರು ಬೆರಳು, ಹನ್ನೊಂದು ಮೇಡಂ, ಹನ್ನೊಂದಾಯ್ತು, ಒತ್ತಿ ಮೇಡಂ ಅಂದದ್ದು ನಟ್ಟಣ್ಣ, ಐದು ವರ್ಷದ ಹಿಂದಿನ ಅದೇ ದನಿಯಲ್ಲಿ.

ಎದ್ದಿತು. ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ, ಕೆಳಗಿನ ದನಿಯಿಂದ ಮೇಲಕ್ಕೆ, ಮೇಲಕ್ಕೆ, ತನ್ನ ಜಾಗಕ್ಕೆ ಬಂದು ನಿಂತು ಗುನುಗತೊಡಗಿತು, ಎಲ್ಲರೂ ಚಪ್ಪಾಳೆ, ಹುಡುಗಿಯರು ಕುಣಿಯುತ್ತಿದ್ದಾರೆ, ಸ್ಟೂಲಿನ ಮೇಲಿಂದ ಬೆಳಕು ಛಕ್ಕೆಂದಿತು, ಮುಖ್ಯಸ್ಥೆ ಅವಳ ಎರಡೂ ಭುಜ ಹಿಡಿದು, ಮೇಡಂ, ಕೊನೇ ದಿನವೂ ಒಂದು ಹೊಸ ವಿಷಯ ಕಂಡುಹಿಡಿದಿರಲ್ಲ, ಬರೀರಿ, ನೀವೇ ಬರೀರಿ, ಅಂತ ರಿಜಿಸ್ಟರನ್ನು ತಂದು ಮುಂದಿಟ್ಟಳು, ಒಟ್ಟು ನಿಲುಗಡೆ, ಒಂದು, ಅಂತ ಬರೀರಿ, ಮತ್ತೆ ಚಾಲೂ, ಆಯಿತು, ಅಷ್ಟೇ ಅಲ್ವಾ. ಪೆನ್ನು ಭಾರ ಇಲ್ಲ, ಹಗುರ, ಒಂದು ಅಂತ ಬರೆದರೂ ಕೈಪಿಡಿ ತಿದ್ದುತ್ತಾರೆ, ಒಂದು ಅಂತ ಬರೆದರೂ ತೊಂಬತ್ತು ಮನೆಗಳಿಗೆ ಪತ್ರ ಹೋಗುತ್ತದೆ, ಇವತ್ತಷ್ಟೇ ಗೊತ್ತಾಯಿತು, ಮುಂಚೆ ಯಾರಿಗೂ ಗೊತ್ತಿರಲಿಲ್ಲ ಅಂತಾಗುತ್ತದೆ, ಯಾರ ತಪ್ಪೂ ಇಲ್ಲ ಅಂತಾಗುತ್ತದೆ, ಕೇಕು ಕತ್ತರಿಸಬಹುದು, ಅವಳು ಅಂಕಣದಲ್ಲಿ ಎರಡು ಅಂತ ಬರೆದಳು. ಅದರ ಕೆಳಗೆ ಆರನೇ ವರ್ಷದ ಆ ದಿನದ ತಾರೀಕು, ಮರೆತಿರಲೇ ಇಲ್ಲ, ನಲವತ್ತು ಸೆಕೆಂಡು, ಮತ್ತೆ ಚಾಲೂ, ಆಯಿತು. ಎರಡಾ ಮೇಡಂ, ಮುಖ್ಯಸ್ಥೆ ನಗುತ್ತಲೇ ಬಗ್ಗಿದಳು, ಒಂದೇ ಅಲ್ವಾ, ಇವತ್ತಿನದೇ ಮೊದಲು ಅಲ್ವಾ, ನಗು ಅರ್ಧಕ್ಕೆ ನಿಂತಿತು, ತಾರೀಕು ಓದಿದ್ದಾಳೆ, ಈಗ ಕಾರಣ ಅನ್ನುವ ಅಂಕಣದ ಮೇಲೆ ಬೆರಳಿಟ್ಟಿದ್ದಾಳೆ, ಇದು ಖಾಲಿ ಇದೆ ಮೇಡಂ, ನಟ್ಟಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದಾನೆ, ನೀವು ಬರೀತೀರಿ ಅಂತ ಗೊತ್ತಿತ್ತು, ಇಷ್ಟು ತಡ ಮಾಡ್ತೀರಿ ಅಂತ ಗೊತ್ತಿರಲಿಲ್ಲ, ಅಂದ, ಮೆಲ್ಲಗೆ, ತೊಟ್ಟಿಗೆ ಹೇಳುವ ಹಾಗೆ, ಅವಳು ಕಾರಣ ಬರೆಯಬೇಕು, ಪೆನ್ನು ಹಾಳೆಗೆ ತಾಗಬೇಕು, ತಾಗುತ್ತಿಲ್ಲ, ಪೆನ್ನಿನ ತುದಿಗೂ ಹಾಳೆಗೂ ನಡುವೆ, ಅಡಿಗೆಮನೆಯ ಬಾಗಿಲ ಬಳಿ, ನೆಲದ ಮೇಲೆ, ಅವನ ಕೈ, ಮೂರು ಬೆರಳು, ಕೇಬಲ್ಲಿನ ತುದಿ, ನಾಲ್ಕು ಬೆರಳಷ್ಟು ಜಾಗ, ಹಾಕ್ರೀ, ಮೂರು ಬೆರಳು, ಕೇಬಲ್ಲಿನ ತುದಿ, ನಾಲ್ಕು ಬೆರಳಷ್ಟು ಜಾಗ